ಸ್ಪ್ಯಾನಿಷ್‌ನಲ್ಲಿ ಗುಣವಾಚಕ ಹೊಂದಿಸುವುದು ಹೇಗೆ? ಎಲ್ಲಾ ಪದಕ್ಕೂ 'ಆಸ್' ಹಚ್ಚಿದರೂ ತಪ್ಪು ಯಾಕೆ?

ಸ್ಪ್ಯಾನಿಷ್ ಕಲಿಯಲು ಶುರು ಮಾಡಿ ಆರು ವಾರ ಆಯ್ತು, ಗುಣವಾಚಕ ಬಂದ ಕೂಡಲೇ ಎಡವುತ್ತೇನೆ ಅಂತ ಬರೆದಿದ್ದೀರಿ. 'ಕಷ್ಟದ ಸಮಸ್ಯೆಗಳು' ಅನ್ನುವುದಕ್ಕೆ ನೀವು ಬರೆದದ್ದು 'ಲಾಸ್ ಪ್ರೊಬ್ಲೇಮಾಸ್ ದಿಫೀಸಿಲಾಸ್'. ಮೂರೂ ಪದ 'ಆಸ್' ಅಂತಲೇ ಮುಗಿಯುತ್ತವೆ, ಕಿವಿಗೂ ಸರಿಯಾಗಿ ಕೇಳುತ್ತೆ, ಆದರೂ ಎರಡು ತಪ್ಪು ತೋರಿಸಿದರು, ಯಾಕೆ ಅಂತ ನಿಮ್ಮ ಪ್ರಶ್ನೆ.

ಸರಿಯಾದ ರೂಪ 'ಲೋಸ್ ಪ್ರೊಬ್ಲೇಮಾಸ್ ದಿಫೀಸಿಲೆಸ್'. ಮೂರು ಪದಕ್ಕೆ ಮೂರು ಥರದ ಕೊನೆ. ಆದರೂ ಮೂರೂ ಹೊಂದಿಕೊಂಡಿವೆ. ಇದು ಪ್ರಾಸ ಕೂಡಿಸುವ ಕೆಲಸ ಅಲ್ಲ. ಇದೊಂದು ಮನಸ್ಸಿಗೆ ಬಂದರೆ ಅರ್ಧ ಗೊಂದಲ ಅಲ್ಲೇ ಹೋಗುತ್ತೆ.

ನಾನು ಎಂಟು ವರ್ಷದಿಂದ ಈ ಭಾಷೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮೆಕ್ಸಿಕೊ, ಕೊಲಂಬಿಯಾದ ಗ್ರಾಹಕರ ಜೊತೆ ದಿನಾ ಮಾತು. ನನಗೂ ಮೊದಮೊದಲು ಇಲ್ಲೇ ತೊಡಕಾಗಿತ್ತು. ಬಿಡಿಸಿಕೊಳ್ಳಲು ಸಹಾಯ ಮಾಡಿದ್ದು ನಮ್ಮ ಕನ್ನಡವೇ. ಅದಕ್ಕೇ ಅಲ್ಲಿಂದ ಶುರು ಮಾಡುತ್ತೇನೆ.

ಕನ್ನಡದಲ್ಲಿ ಕೆಂಪು ಬಸ್ಸು, ಕೆಂಪು ಸೀರೆ, ಕೆಂಪು ಹೂಗಳು. ಕೆಂಪು ಎಲ್ಲಿದ್ದರೂ ಕೆಂಪೇ. ಹಾಗಾಗಿ 'ರೋಹೊ, ರೋಹಾ, ರೋಹೊಸ್, ರೋಹಾಸ್' ಅಂತ ಒಂದೇ ಬಣ್ಣಕ್ಕೆ ನಾಲ್ಕು ರೂಪ ಕಂಡಾಗ ಗಾಬರಿ ಆಗುತ್ತೆ. ಆದರೆ ಇದನ್ನು ನೋಡಿ. ಅವನು ದೊಡ್ಡವನು. ಅವಳು ದೊಡ್ಡವಳು. ಅದು ದೊಡ್ಡದು. ಅವರು ದೊಡ್ಡವರು. ಇಲ್ಲೂ ನಾಲ್ಕು ರೂಪ ಇದೆ ಅಲ್ವಾ? ಅಷ್ಟೇ ಅಲ್ಲ. ಹುಡುಗ ಬಂದ, ಹುಡುಗಿ ಬಂದಳು, ಬಸ್ಸು ಬಂತು. ಸ್ಪ್ಯಾನಿಷ್‌ನವರು ಈ ಮೂರಕ್ಕೂ 'ಬೀನೊ' ಅಂತ ಒಂದೇ ಪದ ಹೇಳುತ್ತಾರೆ. ನಾವು ಕ್ರಿಯಾಪದದ ಬಾಲಕ್ಕೆ ಹಚ್ಚುವ ಲಿಂಗವನ್ನು ಅವರು ಗುಣವಾಚಕದ ಬಾಲಕ್ಕೆ ಹಚ್ಚುತ್ತಾರೆ. ಹೊಂದಿಸುವ ಅಭ್ಯಾಸ ನಿಮ್ಮ ನಾಲಿಗೆಗೆ ಆಗಲೇ ಇದೆ. ಜಾಗ ಬೇರೆ, ಅಷ್ಟೇ.

ನನಗಿದು ಹೊಳೆದದ್ದು ಒಂದು ಸಂಜೆ ಕ್ಲಾಸಿನಲ್ಲಿ. ದಣಿದಿದ್ದೇನೆ ಅನ್ನಲು 'ಎಸ್ತೋಯ್ ಕನ್ಸಾದೊ' ಅಂದೆ. ಟೀಚರ್ ನನ್ನ ಮುಖ ನೋಡಿ ಮೆಲ್ಲಗೆ 'ಕನ್ಸಾದಾ' ಅಂದರು. ಗಂಡಸು ಹೇಳಿದರೆ ಕನ್ಸಾದೊ, ಹೆಂಗಸು ಹೇಳಿದರೆ ಕನ್ಸಾದಾ. ನಾನು ಹೆಂಗಸು ಅನ್ನುವುದು ನನ್ನ ದಣಿವಿಗೆ ಯಾಕೆ ಬೇಕು ಅಂತ ಬಸ್ಸಿನಲ್ಲಿ ಯೋಚಿಸುತ್ತಾ ಬಂದೆ. ಮನೆಗೆ ಬಂದರೆ ಅಕ್ಕನ ಮಗಳು ಅಣ್ಣನ ಜೊತೆ ಜಗಳ ಆಡುತ್ತಿದ್ದಳು. 'ನಾನು ಚಿಕ್ಕವಳು, ನಂಗೇ ಮೊದಲು ಕೊಡಬೇಕು.' ಚಿಕ್ಕವಳು! ನಾಲ್ಕು ವರ್ಷದ ಮಗು ಯೋಚನೆಯೇ ಮಾಡದೆ ತನ್ನ ಬಗ್ಗೆ ಹೇಳುವ ಪದಕ್ಕೆ 'ಅಳು' ಹಚ್ಚಿತ್ತು. ಕನ್ಸಾದಾ ಅಂದರೂ ಅದೇ ತಾನೇ.

ಹಾಗಂತ ಎರಡೂ ಪೂರ್ತಿ ಒಂದೇ ಅಲ್ಲ. ನಾವು ಲಿಂಗ ನೋಡುವುದು ಅರ್ಥದಿಂದ. ಗಂಡಸಾದರೆ ಅವನು, ಹೆಂಗಸಾದರೆ ಅವಳು, ಮೇಜು ಕುರ್ಚಿ ಎಲ್ಲ ಅದು. ಸ್ಪ್ಯಾನಿಷ್‌ನಲ್ಲಿ ನಾಮಪದಕ್ಕೆ 'ಅದು' ಇಲ್ಲ. ಪ್ರತಿ ನಾಮಪದವೂ ಪುಲ್ಲಿಂಗ ಅಥವಾ ಸ್ತ್ರೀಲಿಂಗ. ವಾಕ್ಯದಲ್ಲಿ ನಾಮಪದ ಇದ್ದರೆ ಗುಣವಾಚಕ ನೋಡುವುದು ಆ ಪದದ ಲಿಂಗವನ್ನು, ಎದುರಿಗಿರುವ ಮನುಷ್ಯನನ್ನಲ್ಲ. 'ಪೆರ್ಸೋನಾ' ಅಂದರೆ ವ್ಯಕ್ತಿ, ಅದು ಸ್ತ್ರೀಲಿಂಗದ ಪದ. ಹಾಗಾಗಿ ಮೀಸೆ ಹೊತ್ತ ಅಜ್ಜನ ಬಗ್ಗೆ ಹೇಳುವಾಗಲೂ 'ಉನಾ ಬ್ವೇನಾ ಪೆರ್ಸೋನಾ', ಒಳ್ಳೆಯ ವ್ಯಕ್ತಿ. ಬ್ವೇನೊ ಅಲ್ಲ. 'ಹೆಂತೆ' ಅಂದರೆ ಜನ. ನೂರು ಜನ ಇದ್ದರೂ ಆ ಪದ ಏಕವಚನ, ಸ್ತ್ರೀಲಿಂಗ. ಜನ ಖುಷಿಯಾಗಿದ್ದಾರೆ ಅನ್ನಲು 'ಲಾ ಹೆಂತೆ ಎಸ್ತಾ ಕೊಂತೆಂತಾ'.

ಈಗ ನಿಮ್ಮ ಮೊದಲ ತಪ್ಪು. 'ಪ್ರೊಬ್ಲೇಮಾ' ಸ್ತ್ರೀಲಿಂಗದ ಪದಗಳ ಥರ 'ಆ' ಅಂತ ಮುಗಿದರೂ ಪುಲ್ಲಿಂಗ. ಗ್ರೀಕ್‌ನಿಂದ ಬಂದ, 'ಮಾ' ಅಂತ ಮುಗಿಯುವ ಪದಗಳ ಗುಂಪೊಂದಿದೆ: ಪ್ರೊಬ್ಲೇಮಾ, ಸಿಸ್ತೇಮಾ, ತೇಮಾ, ಇದಿಯೋಮಾ, ಕ್ಲೀಮಾ. ಇವೆಲ್ಲ ಪುಲ್ಲಿಂಗ. ಅದಕ್ಕೇ ಅದರ ಮುಂದಿನ ಆರ್ಟಿಕಲ್ (ಇಂಗ್ಲಿಷಿನ 'ದ' ಥರದ ಪದ) ಪುಲ್ಲಿಂಗದ ಲೋಸ್, ಸ್ತ್ರೀಲಿಂಗದ ಲಾಸ್ ಅಲ್ಲ. ಆದರೆ 'ಮಾ' ಕಂಡದ್ದೆಲ್ಲ ಪುಲ್ಲಿಂಗ ಅಂದುಕೊಳ್ಳಬೇಡಿ. 'ಕಾಮಾ', ಅಂದರೆ ಹಾಸಿಗೆ, ಸ್ತ್ರೀಲಿಂಗ. ಇನ್ನೊಂದು ಕಡೆ 'ಮಾನೊ', ಅಂದರೆ ಕೈ, ಓ ಅಂತ ಮುಗಿದರೂ ಸ್ತ್ರೀಲಿಂಗ. ತಣ್ಣನೆಯ ಕೈ 'ಲಾ ಮಾನೊ ಫ್ರೀಯಾ'. 

ಎರಡನೇ ತಪ್ಪು ಗುಣವಾಚಕದ್ದು. ನಾಲ್ಕು ರೂಪ ಇರುವುದು ಮುಖ್ಯವಾಗಿ ಓ ಅಂತ ಮುಗಿಯುವ ಗುಣವಾಚಕಕ್ಕೆ. ಲೀಬ್ರೊ ರೋಹೊ, ಕಾಸಾ ರೋಹಾ, ಲೀಬ್ರೊಸ್ ರೋಹೊಸ್, ಕಾಸಾಸ್ ರೋಹಾಸ್. ಪುಸ್ತಕ, ಮನೆ, ಪುಸ್ತಕಗಳು, ಮನೆಗಳು. ಎ ಅಂತ ಅಥವಾ ವ್ಯಂಜನದಲ್ಲಿ ಮುಗಿಯುವವಕ್ಕೆ ಸಾಮಾನ್ಯವಾಗಿ ಎರಡೇ ರೂಪ. ಅವು ಲಿಂಗ ಕೇಳುವುದಿಲ್ಲ, ಒಂದೋ ಹಲವೋ ಅಂತ ಮಾತ್ರ ಕೇಳುತ್ತವೆ. ಹಸಿರು 'ಬೆರ್ದೆ, ಬೆರ್ದೆಸ್'. ನೀಲಿ 'ಅಸುಲ್, ಅಸುಲೆಸ್'. ಕಷ್ಟ 'ದಿಫೀಸಿಲ್, ದಿಫೀಸಿಲೆಸ್'. 'ದಿಫೀಸಿಲಾಸ್' ಅನ್ನುವ ಪದವೇ ಇಲ್ಲ. 

ಫುಟ್‌ಬಾಲ್ ನೋಡುವವರಾದರೆ ಇದಕ್ಕೊಂದು ಒಳ್ಳೆ ಗುರುತಿದೆ. ರಿಯಲ್ ಮ್ಯಾಡ್ರಿಡ್, ರಿಯಲ್ ಸೊಸಿಯೆದಾದ್. ಆ 'ರಿಯಲ್' ಇಂಗ್ಲಿಷಿನದ್ದಲ್ಲ. ಸ್ಪ್ಯಾನಿಷ್‌ನಲ್ಲಿ 'ರೆಯಾಲ್' ಅನ್ನುತ್ತಾರೆ, ರಾಜಮನೆತನದ ಅಂತ ಅರ್ಥ. ದೊರೆ 13ನೇ ಅಲ್ಫೋನ್ಸೊ ಕೊಟ್ಟ ಬಿರುದು ಅದು. ಸೊಸಿಯೆದಾದ್‌ಗೆ 1910ರಲ್ಲಿ, ಮ್ಯಾಡ್ರಿಡ್‌ಗೆ 1920ರಲ್ಲಿ ಸಿಕ್ಕಿತು. ಸೊಸಿಯೆದಾದ್ ಅಂದರೆ ಸಂಘ, ಸ್ತ್ರೀಲಿಂಗದ ಪದ. ಆದರೂ 'ರೆಯಾಲಾ' ಆಗಲಿಲ್ಲ. ಲ ಅಂತ ಮುಗಿಯುವ ಗುಣವಾಚಕ, ಬದಲಾಗಲ್ಲ.

ಇದಕ್ಕೆ ಹೊರತಾದ ಗುಂಪುಗಳೂ ಇವೆ. ಯಾವ ದೇಶದವರು ಅಂತ ಹೇಳುವ ಪದ ವ್ಯಂಜನದಲ್ಲಿ ಮುಗಿದರೂ ಸ್ತ್ರೀಲಿಂಗಕ್ಕೆ 'ಆ' ಸೇರುತ್ತೆ: ಸ್ಪೇನಿನವನು 'ಎಸ್ಪಾನ್ಯೋಲ್', ಸ್ಪೇನಿನವಳು 'ಎಸ್ಪಾನ್ಯೋಲಾ'. ಕಷ್ಟಪಟ್ಟು ದುಡಿಯುವವನು 'ತ್ರಬಹದೋರ್', ದುಡಿಯುವವಳು 'ತ್ರಬಹದೋರಾ'. ಆದರೆ 'ಮೆಹೋರ್' (ಇನ್ನೂ ಒಳ್ಳೆಯ), 'ಮಯೋರ್' (ಹಿರಿಯ) ಇವು ಹಾಗೇ ಇರುತ್ತವೆ. ಇವನ್ನು ಈಗಲೇ ಬಾಯಿಪಾಠ ಮಾಡಬೇಡಿ. ಓದುತ್ತಾ ಕಂಡಾಗ ಗುರುತು ಹಾಕಿಕೊಂಡರೆ ಸಾಕು. ಹಾಗೇ ಗಂಡು ಹೆಣ್ಣು ಎರಡೂ ಪದ ಸೇರಿ ಬಂದರೆ ಗುಣವಾಚಕ ಪುಲ್ಲಿಂಗ ಬಹುವಚನ. ಬಿಳಿ ಶರ್ಟು, ಬಿಳಿ ಪ್ಯಾಂಟು ಎರಡನ್ನೂ ಒಟ್ಟಿಗೆ ಹೇಳಲು 'ಕಮೀಸಾ ಈ ಪಂತಲೋನ್ ಬ್ಲಾಂಕೊಸ್'.

ನೀವು ಕೊನೆಯಲ್ಲಿ ಕೇಳಿದ್ದೀರಲ್ಲ, ತಣ್ಣೀರಿಗೆ 'ಎಲ್ ಆಗ್ವಾ ಫ್ರೀಯಾ' ಯಾಕೆ ಅಂತ. ಎಲ್ ಪುಲ್ಲಿಂಗ, ಫ್ರೀಯಾ ಸ್ತ್ರೀಲಿಂಗ, ಇದೇನು ಅಂತ. ನನಗೆ ಬಹಳ ಇಷ್ಟವಾದ ವಿಷಯ ಇದು. ನೀರು ಸ್ತ್ರೀಲಿಂಗವೇ. ಹಳೆಯ ಸ್ಪ್ಯಾನಿಷ್‌ನಲ್ಲಿ ಸ್ತ್ರೀಲಿಂಗದ ಆರ್ಟಿಕಲ್ 'ಎಲಾ' ಅಂತ ಇತ್ತು. ವ್ಯಂಜನದ ಮುಂದೆ ಅದು ಸವೆದು 'ಲಾ' ಆಯ್ತು. ಸ್ವರದ ಮುಂದೆ ಬಂದಾಗ ಕೊನೆಯ ಆ ಬಿದ್ದು 'ಎಲ್' ಉಳಿಯಿತು. ಎರಡು ಸ್ವರ ಎದುರಾದಾಗ ಒಂದು ಬೀಳುವುದು ನಮಗೆ ಹೊಸದಲ್ಲ. ಊರು, ಅಲ್ಲಿ ಸೇರಿ ಊರಲ್ಲಿ ಆಗುತ್ತಲ್ಲ, ಲೋಪಸಂಧಿ, ಹಾಗೆಯೇ. ಅಂದರೆ ಈ 'ಎಲ್' ಪುಲ್ಲಿಂಗದಿಂದ ಎರವಲು ತಂದದ್ದಲ್ಲ, ಸವೆದ ಸ್ತ್ರೀಲಿಂಗ. ಇವತ್ತು ಒತ್ತು ಬೀಳುವ ಆ ಇಂದ ಶುರುವಾಗುವ ಪದದ ಮುಂದೆ ಮಾತ್ರ ಇದು ಉಳಿದಿದೆ. ಬಹುವಚನ ಮಾಡಿದರೆ 'ಲಾಸ್ ಆಗ್ವಾಸ್ ಫ್ರೀಯಾಸ್', ಸ್ತ್ರೀಲಿಂಗ ಬಯಲಿಗೆ ಬರುತ್ತೆ. ಈ ನೀರು ಅನ್ನಲು 'ಎಸ್ತಾ ಆಗ್ವಾ'. ಮಾತಿನಲ್ಲಿ 'ಎಸ್ತೆ ಆಗ್ವಾ' ಅಂತ ಅಲ್ಲಿನವರೇ ಹೇಳುವುದು ನಿಮಗೆ ಕೇಳಿಸಬಹುದು. ನೀವು ಎಸ್ತಾ ಅಂತಲೇ ಬರೆಯಿರಿ. 

ಕಲಿಯುವ ದಾರಿ ಕೇಳಿದರೆ, ನಾಮಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ಆರ್ಟಿಕಲ್ ಜೊತೆಗೆ ಒಂದು ಓ-ಆ ಗುಣವಾಚಕವನ್ನೂ ಸೇರಿಸಿ ಬರೆಯಿರಿ. ಲಿಂಗ ಎರಡು ಕಡೆ ಕಾಣುತ್ತೆ. ಕೆಲವು ನಿಮ್ಮ ಬಾಯಲ್ಲಿ ಆಗಲೇ ಇವೆ. 'ಬ್ವೇನೊಸ್ ದೀಯಾಸ್' ಅನ್ನುತ್ತೀರಿ, ಹಾಗಾದರೆ ಹಗಲು ಪುಲ್ಲಿಂಗ. 'ಬ್ವೇನಾಸ್ ನೋಚೆಸ್' ಅನ್ನುತ್ತೀರಿ, ಹಾಗಾದರೆ ರಾತ್ರಿ ಸ್ತ್ರೀಲಿಂಗ. 

ಇವತ್ತು ಸುಮ್ನೆ ಮೂರು ಬರೆದು ನೋಡಿ: ಬಿಳಿ ಕೈಗಳು, ಹೊಸ ಸಮಸ್ಯೆ, ಹಸಿರು ಮನೆಗಳು. ಹೊಸ ಅನ್ನುವುದಕ್ಕೆ 'ನ್ವೇಬೊ'. ಬರೆದು ಕಳಿಸಿ, ನೋಡಿ ಹೇಳುತ್ತೇನೆ.