ಸಂಪಾದಕರ ಉತ್ತರ: ಮೂಗೊಂದೇ ಸಾಲದು

ಕುರಿ, ದನಗಳು ಒಂದನ್ನೊಂದು ಗುರುತಿಸುವುದು ಕೇವಲ ವಾಸನೆಯಿಂದ, ಅವುಗಳಿಗೆ ಮುಖದ ನೆನಪಿದೆ ಎನ್ನುವುದು ಪತ್ರಿಕೆಯವರ ಭಾವುಕತೆ ಎಂದು ಓದುಗರೊಬ್ಬರು ಬರೆದಿದ್ದಾರೆ. ಪತ್ರ ಚೆನ್ನಾಗಿದೆ, ವಾದದಲ್ಲಿ ಹುರುಪೂ ಇದೆ; ಆದರೆ ತಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ.

ವಾಸನೆಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಈದ ಕುರಿ ತನ್ನ ಮರಿಯನ್ನು ನೆಕ್ಕುತ್ತ ಕೆಲವೇ ಗಂಟೆಗಳಲ್ಲಿ ಅದರ ವಾಸನೆಯನ್ನು ಕಲಿಯುತ್ತದೆ, ಬೇರೆ ಮರಿ ಕೆಚ್ಚಲಿಗೆ ಬಾಯಿ ಹಾಕಿದರೆ ಗುಮ್ಮಿ ಓಡಿಸುತ್ತದೆ. ಸತ್ತ ಮರಿಯ ಚರ್ಮವನ್ನು ತಬ್ಬಲಿ ಮರಿಗೆ ಹೊದಿಸಿ ತಾಯಿಯನ್ನು ಒಪ್ಪಿಸುವ ಕುರಿಗಾಹಿಗಳ ಹಳೆಯ ಉಪಾಯ ನಿಂತಿರುವುದೂ ಇದರ ಮೇಲೆಯೇ. ಆದರೆ ಮೂಗಿನ ಅಧಿಕಾರ ನಡೆಯುವುದು ಕೆಚ್ಚಲಿನ ಬಳಿ. ಮರಿ ದೂರದಲ್ಲಿದ್ದಾಗ ತಾಯಿ ನೆಚ್ಚುವುದು ಕಣ್ಣು ಮತ್ತು ಕಿವಿಗಳನ್ನು.

ವಿಜ್ಞಾನಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ ಕುರಿಗಳಿಗೆ ಬೇರೆ ಕುರಿಗಳ ಮುಖದ ಚಿತ್ರಗಳನ್ನು ತೋರಿಸಿ ನಡೆಸಿದ ಪರೀಕ್ಷೆ 2001ರಲ್ಲಿ 'ನೇಚರ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕುರಿಗಳು 50 ಮುಖಗಳನ್ನು ಎರಡು ವರ್ಷಕ್ಕೂ ಮೀರಿ ನೆನಪಿಟ್ಟುಕೊಂಡಿದ್ದವು. ಚಿತ್ರಕ್ಕೆ ಯಾವ ವಾಸನೆ, ಸ್ವಾಮಿ? ಮೇಕೆಗಳಂತೂ, ಮರಿಗಳು ಹಾಲು ಬಿಟ್ಟು ಬೇರೆಯಾದ ಎಷ್ಟೋ ತಿಂಗಳ ಮೇಲೂ, ಅವುಗಳ ಕೂಗನ್ನು ಮರೆಯುವುದಿಲ್ಲ.

ಕೋಳಿಗಳ ವಿಷಯ ಇನ್ನೂ ಸ್ವಾರಸ್ಯ. ಯಾವುದು ಯಾವುದನ್ನು ಕುಕ್ಕಬಹುದು ಎಂಬ ಮೇಲು-ಕೀಳಿನ ಸಾಲು ಅವುಗಳಲ್ಲಿದೆಯೆಂದು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡೆರಪ್-ಎಬ್ಬೆ 1920ರ ದಶಕದಲ್ಲೇ ಬರೆದರು. ಎದುರಿಗಿರುವುದು ಯಾರೆಂದು ತಿಳಿಯದೆ ಇಂಥ ಸಾಲು ಉಳಿಯುವುದಾದರೂ ಹೇಗೆ? ಒಂದು ಕೋಳಿಯ ಜುಟ್ಟಿನ ರೂಪ ಬದಲಿಸಿದರೆ ಒಡನಾಡಿಗಳೇ ಅದನ್ನು ಹೊಸಬನೆಂದು ತಿಳಿದು ಮೇಲೆ ಬೀಳುವುದುಂಟು.

ನನ್ನ ನಿಜವಾದ ತಕರಾರು ತಮ್ಮ ಮೇಲಲ್ಲ, ಪ್ರಾಣಿಗಳನ್ನು ಕಿವಿಗೆ ಚುಚ್ಚಿದ ಗುರುತಿನ ಬಿಲ್ಲೆಯ ಸಂಖ್ಯೆಯಾಗಿ ಮಾತ್ರ ಕಾಣುವ ಸಾಕಣೆಯ ಮೇಲೆ. ಅಲ್ಲಿನ ದಾಖಲೆಯಲ್ಲಿ ತೂಕ, ಹಾಲು, ಮೇವಿನ ಖರ್ಚು ಎಲ್ಲವೂ ಇರುತ್ತದೆ, ಯಾವುದಕ್ಕೆ ಯಾವುದರ ಸಂಗ ಎಂಬುದು ಮಾತ್ರ ಇರುವುದಿಲ್ಲ. ಪರಿಚಯವಿಲ್ಲದ ಹಂದಿಗಳನ್ನು ಒಂದೇ ದೊಡ್ಡಿಗೆ ಕೂಡಿದರೆ ಅವು ತಮ್ಮ ಸ್ಥಾನ ಗೊತ್ತುಮಾಡಿಕೊಳ್ಳುವವರೆಗೆ ಕಾದಾಡಿ ಮೈಯೆಲ್ಲ ಗಾಯ ಮಾಡಿಕೊಳ್ಳುತ್ತವೆಂಬುದು ಸಾಕುವವರಿಗೆಲ್ಲ ಗೊತ್ತು. ಹಾಗಿದ್ದೂ ಒಟ್ಟಿಗೆ ಬೆಳೆದವುಗಳನ್ನು ತೂಕ ನೋಡಿ ಬೇರ್ಪಡಿಸಿ, ಅಪರಿಚಿತರ ನಡುವೆ ನೂಕುವ ವಾಡಿಕೆ ಇನ್ನೂ ತಪ್ಪಿಲ್ಲ.