ಲಿವರ್ ಆಕ್ಷನ್ ರೈಫಲ್‌ಗೆ ಯಾವ ಸ್ಕೋಪ್ ಒಳ್ಳೆಯದು?

ಕೆಳಗಿನ ಹಿಡಿ ಎಳೆದು ಗುಂಡು ತುಂಬಿಸುವ ಲಿವರ್ ಆಕ್ಷನ್ ರೈಫಲ್ ಮಾರ್ಲಿನ್ 336 ಕೊಂಡಿದ್ದೀರಿ, ಜಿಂಕೆ ಬೇಟೆಗೆ 3-9 ಸ್ಕೋಪ್ (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು) ಹಾಕಿಸಲೋ 4-12 ಹಾಕಿಸಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ಪೆನ್ಸಿಲ್ವೇನಿಯಾದಲ್ಲಿ ನನ್ನ ಮೊದಲ ಸೀಸನ್‌ಗೆ ನಾನು ಇದೇ ರೈಫಲ್‌ಗೆ 3-9 ಹಾಕಿಸಿದ್ದೆ.

ಹಾಕಿಸಿದ್ದಕ್ಕಿಂತ ದೊಡ್ಡ ತಪ್ಪು ಅದನ್ನು ಕೂರಿಸಿದ ರೀತಿ. ಜಿಂಕೆ ಹತ್ತಿರ ಬಂದರೆ ಕೆಳಗೆ ನಳಿಗೆ ಮೇಲಿರುವ ಗುರಿ ನೋಡುವ ಹಳೇ ಸೈಟ್ ಕೂಡ ಕಾಣಲಿ ಅಂತ, ಸ್ಕೋಪ್ ಕೂರಿಸೋಕೆ ನಡುವೆ ಕಿಂಡಿ ಇರುವ ಎತ್ತರದ ಮೌಂಟ್ ತಗೊಂಡೆ. ಆದರೆ ಈ ರೈಫಲ್‌ನ ಹಿಂದಿನ ಮರ, ಅಂದರೆ ಭುಜಕ್ಕೆ ಊರುವ ಭಾಗ, ಇಳಿಜಾರಾಗಿರೋದು ಕೆಳಗಿನ ಸೈಟ್‌ಗೆ ಕಣ್ಣು ಸರಿಹೋಗಲಿ ಅಂತ. ಸ್ಕೋಪ್ ಮೇಲೆ ಹೋಯಿತು, ಅದರ ಜೊತೆ ನನ್ನ ತಲೆಯೂ ಮೇಲೆ ಹೋಯಿತು. ಮರಕ್ಕೆ ತಾಗುತ್ತಿದ್ದದ್ದು ಗದ್ದ ಮಾತ್ರ. ಸಕಲೇಶಪುರದಲ್ಲಿ ಅಜ್ಜ ಕೋವಿ ಹಿಡಿಯೋದು ಕಲಿಸುವಾಗ ಹೇಳಿದ್ದು ಒಂದೇ ಮಾತು: "ಕೆನ್ನೆ ಮರಕ್ಕೆ ಅಂಟಿರಲಿ ಮಗಾ." ಅದನ್ನೇ ಬಿಟ್ಟೆ. ರೇಂಜ್‌ನಲ್ಲಿ ಮೇಜಿನ ಮೇಲೆ ಕೈ ಊರಿ ಹೊಡೆಯುವಾಗ ಇದು ಗೊತ್ತೇ ಆಗಲಿಲ್ಲ. 100 ಗಜಕ್ಕೆ ಗುಂಡುಗಳು ಚೆನ್ನಾಗಿಯೇ ಬಿದ್ದವು.

ಸೀಸನ್ ಶುರುವಾದ ಶನಿವಾರ, ಲಾರೆಲ್ ಪೊದೆಯಿಂದ 25 ಗಜದಲ್ಲಿ ಜಿಂಕೆ ಹೊರಬಂತು. ರೈಫಲ್ ಎತ್ತಿದೆ. ಕಣ್ಣು ಸ್ಕೋಪ್‌ನ ನೇರಕ್ಕೆ ಬರಲಿಲ್ಲ, ಒಳಗೆಲ್ಲಾ ಕಪ್ಪು ನೆರಳು. ತಲೆ ಆಡಿಸಿ ಆಡಿಸಿ ಕಂದು ರೋಮ ಹುಡುಕಿಕೊಂಡೆ, ಅಷ್ಟರಲ್ಲಿ ಅದು ನಡೆಯತೊಡಗಿತು, ಅವಸರದಲ್ಲಿ ಟ್ರಿಗರ್ ಎಳೆದುಬಿಟ್ಟೆ. ಅಷ್ಟು ಎತ್ತರದ ಸ್ಕೋಪ್ ಇದ್ದರೆ ಹತ್ತಿರದಲ್ಲಿ ಗುಂಡು ಸುಮಾರು ಒಂದೂವರೆ ಇಂಚು ಕೆಳಗೇ ಬೀಳುತ್ತದೆ. ಅದರ ಮೇಲೆ ನನ್ನ ತಲೆಯ ಅಲುಗಾಟ ಬೇರೆ. ಹಿಮದ ಮೇಲೆ ಒಂದು ಹಿಡಿ ಬಿಳಿ ರೋಮ, ನಾಲ್ಕು ಹನಿ ರಕ್ತ. ಬಿಳಿ ರೋಮ ಅಂದರೆ ಹೊಟ್ಟೆಯ ಕಡೆಯದು. ರಾತ್ರಿಯವರೆಗೆ ಟಾರ್ಚ್ ಹಿಡಿದು ಹುಡುಕಿದೆ, ಮರುದಿನವೂ ಹೋದೆ. ಸಿಗಲಿಲ್ಲ. ನೋವು ತಿಂದುಕೊಂಡು ಎಲ್ಲೋ ಬಿದ್ದಿತ್ತು ಅನ್ನೋದು ಇವತ್ತಿಗೂ ಮನಸ್ಸಿಂದ ಹೋಗಿಲ್ಲ.

ಈಗ ಅದೇ ರೈಫಲ್‌ಗೆ ಪೀಪ್ ಸೈಟ್ ಇದೆ. ಕಣ್ಣಿಗೆ ಹತ್ತಿರ ಒಂದು ತೂತು, ಅಷ್ಟೇ. ತೂತಿನ ಮಧ್ಯ ಯಾವುದು ಅಂತ ಹುಡುಕಬೇಕಾಗಿಲ್ಲ, ಕಣ್ಣು ತಾನೇ ಕಂಡುಕೊಳ್ಳುತ್ತೆ. ನೀವು ಮುಂದಿನ ಸೈಟ್ ನೋಡಿದರೆ ಸಾಕು. ಕಾಡಿನಲ್ಲಿ ಒಳಗೆ ತಿರುಪಿ ಕೂರಿಸಿರುವ ಚಿಕ್ಕ ತೂತಿನ ಬಿಲ್ಲೆ ಬಿಚ್ಚಿ ದೊಡ್ಡ ತೂತನ್ನೇ ಬಳಸಿ, ಮುಸ್ಸಂಜೆಗೆ ಬೆಳಕು ಜಾಸ್ತಿ ಬರುತ್ತೆ. ಈ ರೈಫಲ್‌ಗೆ ಸಾಮಾನ್ಯವಾಗಿ ಹಾಕುವ .30-30 ಗುಂಡು 200 ಗಜ ಮುಟ್ಟುವ ಹೊತ್ತಿಗೆ ತುಂಬಾ ಇಳಿದಿರುತ್ತೆ. ಇದಕ್ಕೆ 12 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್ ಯಾಕೆ ಹೇಳಿ?

ವಯಸ್ಸಾಗಿ ಮುಂದಿನ ಸೈಟ್ ಮಸುಕಾಗುತ್ತಿದ್ದರೆ ಮಾತು ಬೇರೆ. ಆಗ 1-4 ಸ್ಕೋಪ್ ಹಾಕಿಸಿ, ಎಷ್ಟು ತಗ್ಗಿಗೆ ಕೂರುತ್ತೋ ಅಷ್ಟು ತಗ್ಗಿಗೆ. ಕಾಡಿಗೆ ಹೋದಾಗ 1ರಲ್ಲೇ ಇಟ್ಟಿರಿ.

ಏನೇ ಹಾಕಿಸಿದರೂ ಮೊದಲು ಮನೆಯಲ್ಲಿ ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆ ಊರಿ, ಆಮೇಲೆ ಕಣ್ಣು ಬಿಡಿ. ಸೈಟ್ ಎದುರಿಗೇ ಇರಬೇಕು. ತಲೆ ಎತ್ತಿ ಹುಡುಕಬೇಕಾಗಿ ಬಂದರೆ ಅದನ್ನು ಅಂಗಡಿಗೆ ವಾಪಸ್ ಕೊಡಿ.