ಹಳೇ ಮುರಕಲ್ಲಿನ ಮನೆಗೆ ಪವರ್‌ಲೈನ್ ಅಡಾಪ್ಟರ್ ಸಾಕಾ, ಕೇಬಲ್ಲೇ ಎಳೆಯಬೇಕಾ?

ಬದಿಯಡ್ಕದ ಹತ್ತಿರ ಹಳೇ ಮುರಕಲ್ಲಿನ ಮನೆ, ರೌಟರ್ ಚಾವಡಿಯಲ್ಲಿ. ನೀವು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವುದು ಉಪ್ಪರಿಗೆಯ ಹಿಂದಿನ ಕೋಣೆಯಲ್ಲಿ, ಅಲ್ಲಿಗೆ ವೈಫೈ ಬರುವುದಿಲ್ಲ. ಗೋಡೆ ಒಡೆಯುವುದಕ್ಕೆ ಅಪ್ಪ ಒಪ್ಪುವುದಿಲ್ಲ, ಹಾಗಾದರೆ ಪವರ್‌ಲೈನ್ ಅಡಾಪ್ಟರ್ ಸಾಕಾ ಅಂತ ಕೇಳಿದ್ದೀರಿ. ನಾನು ನೀರ್ಚಾಲಿನವನು, ನಮ್ಮದೂ ಅದೇ ಥರದ ಮನೆ. ನನ್ನನ್ನು ಕೇಳಿದರೆ ರೌಟರಿನಿಂದ ಕೋಣೆಗೆ ನೆಟ್‌ವರ್ಕ್ ಕೇಬಲ್ (ಲ್ಯಾನ್ ಕೇಬಲ್) ಎಳೆಸಿ.

ಅಡಾಪ್ಟರ್ ಕೆಟ್ಟದ್ದು ಅಂತಲ್ಲ. ರೌಟರಿನ ಹತ್ತಿರ ಒಂದು, ನಿಮ್ಮ ಕೋಣೆಯಲ್ಲಿ ಒಂದು ಹಾಕಿದರೆ ಅದು ಇಂಟರ್ನೆಟ್ಟನ್ನು ಕರೆಂಟಿನ ವಯರಿನಲ್ಲೇ ಕಳಿಸುತ್ತದೆ, ಹಾಗಾಗಿ ಎಲ್ಲಾ ನಿಮ್ಮ ಮನೆಯ ವಯರಿಂಗಿನ ಮೇಲೆ ನಿಂತಿದೆ. ಅಡಿಕೆ ತೋಟ, ಪಂಪು ಇರುವ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ತ್ರೀ ಫೇಸ್ ಲೈನ್. ಚಾವಡಿ ಒಂದು ಫೇಸಿನಲ್ಲಿ, ಉಪ್ಪರಿಗೆ ಇನ್ನೊಂದರಲ್ಲಿ ಇದ್ದರೆ ಸಿಗ್ನಲ್ ದಾಟುವುದೇ ಕಷ್ಟ, ದಾಟಿದರೂ ಸೊರಗಿರುತ್ತದೆ. ಇದನ್ನು ತಿಳಿಯಲು ಎಲೆಕ್ಟ್ರಿಷಿಯನ್ ಬೇಕಿಲ್ಲ. ಮಳೆಗಾಲದಲ್ಲಿ ಒಂದು ಫೇಸ್ ಹೋಗುವುದು ನಮಗೆ ಹೊಸದಲ್ಲ, ಅಲ್ವಾ? ಆವತ್ತು ಚಾವಡಿಯ ಫ್ಯಾನ್ ತಿರುಗುತ್ತಿದ್ದು ಉಪ್ಪರಿಗೆಯದ್ದು ನಿಂತಿದ್ದರೆ ಎರಡೂ ಬೇರೆ ಬೇರೆ ಫೇಸ್. ಇನ್ವರ್ಟರಿಗೆ ಸೇರಿದ ಫ್ಯಾನ್ ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ.

ಫೇಸ್ ಒಂದೇ ಆದರೂ ಅಡಾಪ್ಟರನ್ನು ಗೋಡೆಯ ಪ್ಲಗ್ಗಿಗೇ ನೇರ ಹಾಕಬೇಕು. ಸ್ಪೈಕ್ ಬಸ್ಟರ್, ಯುಪಿಎಸ್ ಮಧ್ಯೆ ಬಂದರೆ ಅದು ಸಿಗ್ನಲ್ಲನ್ನೇ ತಿಂದುಬಿಡುತ್ತದೆ. ಮಿಕ್ಸಿ ತಿರುಗಿಸಿದರೆ, ಮೊಬೈಲ್ ಚಾರ್ಜರ್ ಪಕ್ಕದಲ್ಲಿದ್ದರೆ ಸ್ಪೀಡ್ ಕುಸಿಯಬಹುದು. ಒಂದು ಅಡಾಪ್ಟರ್ ಇನ್ವರ್ಟರ್ ಲೈನಿನಲ್ಲಿ, ಇನ್ನೊಂದು ಮೇನ್ ಲೈನಿನಲ್ಲಿ ಇದ್ದರಂತೂ ಕರೆಂಟು ಹೋದ ಕ್ಷಣಕ್ಕೆ ನಿಮ್ಮ ಮೀಟಿಂಗೂ ಹೋಯಿತು. ಇನ್ನು ಡಬ್ಬದ ಮೇಲಿನ 600 ಎಂಬಿಪಿಎಸ್ ನೋಡಿ ಖುಷಿಪಡಬೇಡಿ. ಅದು ಬರೀ ಕಾಗದದ ಲೆಕ್ಕ. ಕಡಿಮೆ ಬೆಲೆಯ ಎಷ್ಟೋ ಅಡಾಪ್ಟರುಗಳಲ್ಲಿ ಕೇಬಲ್ ಚುಚ್ಚುವ ಪೋರ್ಟೇ 100ರದ್ದು.

ಕೇಬಲ್ಲಿಗೆ ಗೋಡೆ ಒಡೆಯಬೇಕು ಅಂತ ಯಾರು ಹೇಳಿದ್ದು? ಮುರಕಲ್ಲಿನಲ್ಲಿ ಒಂದು ಬೆರಳು ದಪ್ಪದ ತೂತು ಸಾಕು, ಡ್ರಿಲ್ ಬೆಣ್ಣೆಯಲ್ಲಿ ಹೋದ ಹಾಗೆ ಹೋಗುತ್ತದೆ. ಹಂಚಿನ ಮಾಡಾದರೆ ಅದೂ ಬೇಡ, ಗೋಡೆಗೂ ಪಕ್ಕಾಸಿಗೂ ನಡುವಿನ ಸಂದಿಯಲ್ಲೇ ತೂರಿಸಬಹುದು. ಮೊದಲು ಬರೀ ಕೇಬಲ್ ಎಳೆದು, ಆಮೇಲೆ ತುದಿಗೆ ಕನೆಕ್ಟರ್ ಕ್ರಿಂಪ್ ಮಾಡಿಸಿ. ಎಂಟೂ ಎಳೆ ಸರಿಯಾಗಿ ಕೂತಿರಬೇಕು. ನಾಲ್ಕೇ ಕೂತರೂ ಇಂಟರ್ನೆಟ್ ಬರುತ್ತದೆ, ಆದರೆ 100 ಎಂಬಿಪಿಎಸ್‌ಗೇ ನಿಲ್ಲುತ್ತದೆ. ಕೆಲಸದವರು ಹೊರಡುವ ಮೊದಲು ಲ್ಯಾಪ್‌ಟಾಪಿನಲ್ಲಿ ಲಿಂಕ್ ಸ್ಪೀಡ್ 1000 ತೋರಿಸುತ್ತದಾ ಅಂತ ನೋಡಿಕೊಳ್ಳಿ. ಕ್ಯಾಟ್ 6 ಅನ್ನುವ ದರ್ಜೆಯ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೂ ಒಂದು ಗಿಗಾಬಿಟ್ (ಅಂದರೆ ಆ 1000 ಎಂಬಿಪಿಎಸ್) ಒಯ್ಯುತ್ತದೆ, ನಿಮ್ಮ ಮನೆಗೆ ಧಾರಾಳ. ಅಂಗಡಿಯಲ್ಲಿ ಅಪ್ಪಟ ತಾಮ್ರದ್ದೇ ಕೇಳಿ. ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದದ್ದು ಅಗ್ಗಕ್ಕೆ ಸಿಗುತ್ತದೆ, ಬೇಡ. ಕರೆಂಟಿನ ವಯರು ಇರುವ ಪೈಪಿನಲ್ಲಿ ನೆಟ್‌ವರ್ಕ್ ಕೇಬಲ್ಲನ್ನು ತೂರಿಸಬೇಡಿ.

ಒಂದು ವಿಷಯದಲ್ಲಿ ಮಾತ್ರ ಜಾಗ್ರತೆ. ಅಂಗಳ ದಾಟಿ ಬೇರೆ ಕಟ್ಟಡಕ್ಕೆ ತಾಮ್ರದ ಕೇಬಲ್ ಎಳೆಯಬೇಡಿ. ತುಲಾ ತಿಂಗಳ ಸಂಜೆ ಸಿಡಿಲು ಹೇಗೆ ಹೊಡೆಯುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹತ್ತಿರ ಬಿದ್ದರೂ ಆ ಕೇಬಲ್ ಹಿಡಿದು ಬಂದು ಎರಡೂ ತುದಿಯ ಪೋರ್ಟ್ ಸುಡಬಹುದು. ಅಲ್ಲಿಗೆ ಫೈಬರ್ ಸರಿ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ.

ಇದೆಲ್ಲಕ್ಕಿಂತ ಮೊದಲು ನಿಮಗೆ ಇಂಟರ್ನೆಟ್ ಕೊಡುವ ಕೇಬಲ್‌ನವರಿಗೆ ಒಂದು ಫೋನ್ ಮಾಡಿ. ಕಂಬದಿಂದ ಬರುವ ಫೈಬರನ್ನೇ ಸೀದಾ ಉಪ್ಪರಿಗೆಗೆ ತಿರುಗಿಸಿ, ಮೋಡೆಮ್ ಅಲ್ಲೇ ಇಡಬಹುದಾ ಅಂತ ಕೇಳಿ. ಒಪ್ಪಿದರೆ ಕೆಳಗಿನ ಟಿವಿಗೆ ಮಾತ್ರ ಒಂದು ಕೇಬಲ್ ಇಳಿಸಿದರಾಯಿತು.